ಲೇಬಲ್ ಹಳೆಯದು, ಮಾಲೀಕ ಹೊಸಬ

ಹಾವೇರಿಯಲ್ಲಿ ಯಾವ ಬಾರಿಗೆ ಹೋಗಿ ಕೂತರೂ ಸಪ್ಲಾಯರ್ ಹುಡುಗ ಮೊದಲು ಕೇಳುವುದು ಒಂದೇ ಮಾತು: "ಸ್ಟ್ರಾಂಗ್ ತರ್ಲೇನ್ರೀ, ಲೈಟ್ ತರ್ಲೇನ್ರೀ?" ಯಾರು ಮಾಡಿದ್ದು, ಯಾವ ಕಾಳಿನದು, ಎಲ್ಲಿಯದು ಎಂಬ ವಿಚಾರಣೆ ಇಲ್ಲಿಲ್ಲ. ಕಿಂಗ್‌ಫಿಷರ್, ನಾಕೌಟ್, ಬಡ್‌ವೈಸರ್, ಟ್ಯೂಬೋರ್ಗ್ ಎಂದು ನಾಲ್ಕು ಹೆಸರು ಕೂಗಿದರೆ ಫ್ರಿಜ್ಜಿನ ಬಹುಪಾಲು ಮುಗಿಯಿತು. ಹೆಸರು ನಾಲ್ಕಾದರೂ ಮನೆ ಮೂರೇ. ಮೊದಲನೆಯದು ಆಮ್‌ಸ್ಟರ್‌ಡ್ಯಾಮಿನ ಹೈನಕೆನ್‌ನದು, ನಡುವಿನೆರಡು ಬೆಲ್ಜಿಯಂನ ಎಬಿ ಇನ್‌ಬೆವ್‌ನವು, ಕೊನೆಯದು ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್‌ನದು.

ಕಿಂಗ್‌ಫಿಷರ್ ನಮ್ಮದಲ್ಲವೇ, ಬೆಂಗಳೂರಿನದಲ್ಲವೇ ಎಂದು ಕೇಳುವವರು ಈಗಲೂ ಇದ್ದಾರೆ. ಹೆಸರು ಬೆಂಗಳೂರಿನದು, ಅದನ್ನು ತಯಾರಿಸುವ ಯುನೈಟೆಡ್ ಬ್ರೂವರೀಸ್‌ನ ಕಚೇರಿಯೂ ಬೆಂಗಳೂರಿನಲ್ಲೇ ಇದೆ. ಆದರೆ 2021ರ ಜೂನ್‌ನಲ್ಲಿ ಸಾಲ ವಸೂಲಾತಿಗೆಂದು ಮಾರಾಟಕ್ಕೆ ಬಂದ ವಿಜಯ್ ಮಲ್ಯ ಅವರ ಷೇರುಗಳಲ್ಲಿ ಕಂಪನಿಯ ಸುಮಾರು ಶೇ 15ರಷ್ಟು ಪಾಲನ್ನು ಹೈನಕೆನ್ 5,825 ಕೋಟಿ ರೂಪಾಯಿಗೆ ಕೊಂಡಿತು. ಅದರ ಪಾಲು ಶೇ 61.5ಕ್ಕೆ ಏರಿ ಯುನೈಟೆಡ್ ಬ್ರೂವರೀಸ್ ಡಚ್ಚರ ಕೈಸೇರಿತು. ಬಾಟಲಿಯ ಮೇಲಿನ ಮಿಂಚುಳ್ಳಿ ಮಾತ್ರ ಇದ್ದಲ್ಲೇ ಇದೆ, ರೆಕ್ಕೆಯೂ ಅಲುಗಿಲ್ಲ.

ಇದರಲ್ಲೊಂದು ತಮಾಷೆಯಿದೆ. ಈಗ ನುಂಗಿಸಿಕೊಂಡ ಈ ಕಂಪನಿ ಹುಟ್ಟಿದ್ದೇ ನುಂಗಿ. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್‌ಲೆಂಡಿನವನು ದಕ್ಷಿಣ ಭಾರತದ ಐದು ಸಣ್ಣ ಬ್ರೂವರಿಗಳನ್ನು ಒಂದುಗೂಡಿಸಿದ. 'ಯುನೈಟೆಡ್' ಎಂಬ ಮಾತು ಬಂದದ್ದೇ ಹಾಗೆ. ಆ ಐದರಲ್ಲಿ ಹಳೆಯದಾದ ಕ್ಯಾಸಲ್ ಬ್ರೂವರಿ 1857ರದು. ಬ್ರಿಟಿಷ್ ಸೈನಿಕರಿಗೆ ಪೀಪಾಯಿಗಳನ್ನು ಎತ್ತಿನ ಗಾಡಿಯಲ್ಲಿ ಸಾಗಿಸುತ್ತಿದ್ದ ಕಾಲ ಅದು. ಮುಂದೆ ವಿಜಯ್ ಅವರ ತಂದೆ ವಿಠ್ಠಲ ಮಲ್ಯ ಸದ್ದಿಲ್ಲದೆ ಷೇರು ಕೂಡಿಸಿ 1947ರಲ್ಲಿ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದರು, ಮರುವರ್ಷವೇ ಅಧ್ಯಕ್ಷರೂ ಆದರು. 1951ರಲ್ಲಿ ಮೆಕ್‌ಡೊವೆಲ್ ಕಂಪನಿಯನ್ನು ಕೊಂಡರು. ಸೊರಗಿದ ಕಂಪನಿಯನ್ನು ಹುಡುಕಿ ಕೊಳ್ಳುವುದೇ ಅವರ ವ್ಯಾಪಾರದ ವರಸೆಯಾಗಿತ್ತು. ಆ ಐದು ಬ್ರೂವರಿಗಳ ರುಚಿ ಏನಿತ್ತು ಎಂದು ಹೇಳಬಲ್ಲವರು ಇಂದು ಯಾರೂ ಉಳಿದಿಲ್ಲ.

ನಾಕೌಟ್‌ನ ಕಥೆ ಇದರ ತಮ್ಮ. ಅದು ಮೈಸೂರ್ ಬ್ರೂವರೀಸ್ ಎಂಬ ನಮ್ಮ ರಾಜ್ಯದ ಕಂಪನಿಯ ಬ್ರ್ಯಾಂಡ್ ಆಗಿತ್ತು. 2001ರ ಹೊತ್ತಿಗೆ ದಕ್ಷಿಣ ಆಫ್ರಿಕಾದ ಎಸ್‌ಎಬಿ ಆ ಕಂಪನಿಯನ್ನೇ ಕೊಂಡಿತು. ಅದೇ ಕಂಪನಿ ಎಸ್‌ಎಬಿಮಿಲ್ಲರ್ ಆಗಿ ಶಾ ವಾಲೆಸ್‌ನ ಹೇವರ್ಡ್ಸ್ 5000 ಅನ್ನೂ 2006ರಲ್ಲಿ ಫಾಸ್ಟರ್ಸ್‌ನ ಭಾರತದ ವ್ಯವಹಾರವನ್ನೂ ಒಳಗೆ ಹಾಕಿಕೊಂಡಿತು. 2016ರ ಅಕ್ಟೋಬರಿನಲ್ಲಿ ಅದನ್ನೇ ಎಬಿ ಇನ್‌ಬೆವ್ ನುಂಗಿತು. ಹದಿನೈದು ವರ್ಷದಲ್ಲಿ ಒಂದು ಬಾಟಲಿ ಮೂರು ಖಂಡದ ಮಾಲೀಕರನ್ನು ಕಂಡಿತು. ಕುಡಿಯುವವನಿಗೆ ಇದು ತಿಳಿಯುವ ದಾರಿ ಹಿಂಬದಿಯ ಇರುವೆ ಸಾಲಿನಂಥ ಅಕ್ಷರ ಒಂದೇ. ಎರಡನೇ ಬಾಟಲಿಯ ಹೊತ್ತಿಗೆ ಅದನ್ನು ಯಾರು ಓದುತ್ತಾರೆ?

ಅಮೆರಿಕದಲ್ಲಿ ಈ ಆಟ ಇನ್ನೂ ಬಣ್ಣಬಣ್ಣವಾಗಿ ನಡೆಯಿತು. ಅಲ್ಲಿ ಗೆಳೆಯರು ಸೇರಿ, ಮನೆ ಅಡ ಇಟ್ಟು, ಗ್ಯಾರೇಜಿನಲ್ಲೋ ಹಳೆ ಗೋದಾಮಿನಲ್ಲೋ ಶುರುಮಾಡಿದ ಸಣ್ಣ ಬ್ರೂವರಿಗಳಿಗೆ ಕ್ರಾಫ್ಟ್ ಎಂಬ ಹೆಸರು. 2011ರಲ್ಲಿ ಶಿಕಾಗೊದ ಗೂಸ್ ಐಲ್ಯಾಂಡನ್ನು ಎಬಿ ಇನ್‌ಬೆವ್ 3.88 ಕೋಟಿ ಡಾಲರಿಗೆ ಕೊಂಡಾಗ ಅಭಿಮಾನಿಗಳಿಗೆ ಸೂತಕದ ಮನೆಯಂತಾಯಿತು. 2015ರ ಜನವರಿಯಲ್ಲಿ ಸಿಯಾಟಲ್‌ನ ಎಲಿಸಿಯನ್ ಕೂಡ ಅದೇ ದಾರಿ ಹಿಡಿಯಿತು. ಕೆಲವೇ ದಿನಗಳಲ್ಲಿ ಸೂಪರ್ ಬೌಲ್ ಪಂದ್ಯದ ನಡುವೆ ಬಂದ ಬಡ್‌ವೈಸರ್ ಜಾಹೀರಾತು, ಕುಂಬಳಕಾಯಿ ಪೀಚ್ ಹಣ್ಣಿನ ಬಿಯರ್ ಮೂಸಿ ನೋಡುವ ಶೋಕಿಯವರನ್ನು ಗೇಲಿ ಮಾಡಿತು. ಅಂಥದೊಂದು ಬಿಯರನ್ನು ಎಲಿಸಿಯನ್ನೇ ಮಾಡಿತ್ತು! ಬೀಗರ ಮನೆಯ ಅಡುಗೆಯನ್ನು ನಿಶ್ಚಿತಾರ್ಥದ ಮರುವಾರವೇ ಊರ ಮುಂದೆ ಆಡಿಕೊಂಡಂತೆ. ಕೊನೆಗೆ 2017ರಲ್ಲಿ ಸ್ವತಂತ್ರ ಬ್ರೂವರಿಗಳ ಸಂಘ ತಲೆಕೆಳಗಾದ ಬಾಟಲಿಯ ಒಂದು ಮುದ್ರೆ ತಂದಿತು. ಅದು ಹೇಳುವುದು ಇಷ್ಟೇ: ಇದು ಇನ್ನೂ ದೊಡ್ಡ ಕಂಪನಿಯ ಕೈಸೇರಿಲ್ಲ. ನನಗೆ ಇಡೀ ಪ್ರಕರಣದಲ್ಲಿ ಮೆಚ್ಚಿಗೆಯಾದದ್ದು ಆ ಮುದ್ರೆಯೊಂದೇ. ರುಚಿ ಚೆಂದ ಎಂದು ಅದು ಕೊಚ್ಚಿಕೊಳ್ಳುವುದಿಲ್ಲ, ಯಜಮಾನ ಯಾರು ಎಂದು ಮಾತ್ರ ಹೇಳುತ್ತದೆ.

ನಮ್ಮಲ್ಲಿ ಕೊಳ್ಳಲು ಅಂಥ ಸಣ್ಣವರು ಎಲ್ಲಿದ್ದಾರೆ? ಮೈಕ್ರೋಬ್ರೂವರಿ ಎಂದರೆ ಇಂದಿರಾನಗರದ ಟಾಯ್ಟ್, ಅದರ ಹಿಂದೆ ಬಂದ ಹತ್ತಾರು ಅಂಗಡಿ, ಒಟ್ಟಿನಲ್ಲಿ ಬೆಂಗಳೂರಿನ ಮಾತು. ಬಾಟಲಿಯಲ್ಲಿ ತುಂಬಿ ಜಿಲ್ಲೆಗೆ ಕಳಿಸುವುದಾದರೆ 2003ರಿಂದ ಸಗಟು ಮಾರಾಟವೆಲ್ಲ ಸರ್ಕಾರದ ಪಾನೀಯ ನಿಗಮದ ಡಿಪೊ ಮೂಲಕವೇ ಆಗಬೇಕು. ಲೇಬಲ್ಲನ್ನು ರಾಜ್ಯ ರಾಜ್ಯದಲ್ಲೂ ನೋಂದಾಯಿಸಬೇಕು. 2015ರಲ್ಲಿ ಶುರುವಾಗಿ ಜಪಾನಿನ ಕಿರಿನ್‌ನಿಂದ ಬಂಡವಾಳ ಪಡೆದ ಬೀರಾ 91, ಕಂಪನಿಯ ಹೆಸರಿನಿಂದ 'ಪ್ರೈವೇಟ್' ಎಂಬ ಒಂದು ಪದ ತೆಗೆದದ್ದಕ್ಕೆ ಎಲ್ಲ ಕಡೆ ಲೇಬಲ್ ಮರುನೋಂದಣಿ ಮಾಡಿಸಬೇಕಾಗಿ ತಿಂಗಳುಗಟ್ಟಲೆ ಮಾರಾಟ ನಿಂತು ಬಸವಳಿಯಿತು. ಅಷ್ಟು ದೊಡ್ಡವರ ಪಾಡೇ ಇದು. ಸಣ್ಣವನು ಬೆಳೆದ ಮೇಲೆ ದೊಡ್ಡವನು ಬಂದು ಕೊಳ್ಳುವುದು ಹೊರದೇಶದ ಕಥೆ. ಇಲ್ಲಿ ಸಣ್ಣವನು ಮೊಳಕೆಯಲ್ಲೇ ಒಣಗುತ್ತಾನೆ, ಕೊಳ್ಳುವ ಖರ್ಚೂ ಉಳಿಯುತ್ತದೆ.

ಮೂರೇ ಮನೆ ಉಳಿದರೆ ಏನಾಗುತ್ತದೆ ಎಂಬುದಕ್ಕೆ ದಾಖಲೆಯಿದೆ. 2021ರ ಸೆಪ್ಟೆಂಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಕೊಟ್ಟ ತೀರ್ಪಿನ ಪ್ರಕಾರ, ಈ ಮೂರು ಕಂಪನಿಗಳು 2009ರಿಂದ ಸುಮಾರು ಒಂಬತ್ತು ವರ್ಷ ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಒಳಗೊಳಗೇ ಮಾತಾಡಿಕೊಂಡು ದರ ನಿಗದಿ ಮಾಡಿದ್ದವು. ಗುಟ್ಟು ಬಿಚ್ಚಿದ್ದು ಎಬಿ ಇನ್‌ಬೆವ್. ಎಸ್‌ಎಬಿಮಿಲ್ಲರನ್ನು ಕೊಂಡ ಮೇಲೆ ಮನೆಯೊಳಗಿನ ಕಸ ಅದರ ಕಣ್ಣಿಗೆ ಬಿತ್ತು. ತಾನೇ ಹೋಗಿ ಹೇಳಿದ್ದರಿಂದ ಅದಕ್ಕೆ ದಂಡ ಪೂರ್ತಿ ಮಾಫಿಯಾಯಿತು. ಯುನೈಟೆಡ್ ಬ್ರೂವರೀಸ್‌ಗೆ ಸುಮಾರು 752 ಕೋಟಿ, ಕಾರ್ಲ್ಸ್‌ಬರ್ಗ್‌ಗೆ 121 ಕೋಟಿ ರೂಪಾಯಿ ದಂಡ ಬಿತ್ತು. ಮೇಲ್ಮನವಿ ನ್ಯಾಯಮಂಡಳಿಯೂ 2022ರ ಡಿಸೆಂಬರಿನಲ್ಲಿ ಇದನ್ನೇ ಎತ್ತಿಹಿಡಿಯಿತು. ಸ್ಟ್ರಾಂಗೋ ಲೈಟೋ ಎಂದು ಹಾವೇರಿಯಲ್ಲಿ ನಾವು ಆರಿಸುತ್ತಿದ್ದಾಗ ದರವನ್ನು ಬೇರೆಯವರು ಆರಿಸಿಯಾಗಿತ್ತು.

ಹಾವೇರಿಯಿಂದ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೊರಟರೆ ಇದೇ ಕಥೆ ಬೇರೆ ವೇಷದಲ್ಲಿ ಸಿಗುತ್ತದೆ. ರಾಣೆಬೆನ್ನೂರಿನ ಸುತ್ತಮುತ್ತ ಹೈಬ್ರಿಡ್ ತರಕಾರಿ ಬೀಜ ಮಾಡುವ ಸೀಡ್ಸ್ ಪ್ಲಾಟುಗಳು. ಹೂವಿನ ಗಂಡುಭಾಗ ಕಿತ್ತು, ಬೇರೆ ಗಿಡದ ಪರಾಗ ಸವರುವ ಸೂಕ್ಷ್ಮ ಕೆಲಸ ಹೆಣ್ಣುಮಕ್ಕಳ ಬೆರಳಿನದು. ಈ ಭಾಗಕ್ಕೆ ಆ ಕಲೆ ಹೊಸದಲ್ಲ. ಹಾವೇರಿ ಇನ್ನೂ ಧಾರವಾಡ ಜಿಲ್ಲೆಯಲ್ಲಿದ್ದಾಗ, 1972ರಲ್ಲಿ, ಡಾ. ಬಿ.ಎಚ್. ಕಟರಕಿ ಧಾರವಾಡದಲ್ಲಿ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿಯನ್ನು ರೂಪಿಸಿದರು. ಮರುವರ್ಷ ಮನಮೋಹನ ಅತ್ತಾವರ ಅವರ ಇಂಡೋ ಅಮೆರಿಕನ್ ಕಂಪನಿ ಬೆಂಗಳೂರಿನಿಂದ 'ಕರ್ನಾಟಕ' ಎಂಬ ಹೆಸರಿನ ಹೈಬ್ರಿಡ್ ಟೊಮೆಟೊ ಬೀಜ ತಂದಿತು. ಆಮೇಲೆ ಬೀಜದ ಜಗತ್ತಿನಲ್ಲೂ ನುಂಗಾಟ. ತರಕಾರಿ ಬೀಜದ ಸೆಮಿನಿಸನ್ನು 2005ರಲ್ಲಿ ಮೊನ್ಸಾಂಟೊ, ಮೊನ್ಸಾಂಟೊವನ್ನು 2018ರಲ್ಲಿ ಬೇಯರ್, ಸಿಂಜೆಂಟಾವನ್ನು 2017ರಲ್ಲಿ ಚೀನಾದ ಸರ್ಕಾರಿ ಕಂಪನಿ ಕೆಮ್‌ಚೈನಾ 4,300 ಕೋಟಿ ಡಾಲರಿಗೆ ಕೊಂಡವು. ಅಂಗಡಿಯ ಪೊಟ್ಟಣದ ಬಣ್ಣ ಬದಲಾಗಲಿಲ್ಲ.

ಮೋಟೆಬೆನ್ನೂರಿನ ಬಳಿ ತಿರುಗಿದರೆ ಬ್ಯಾಡಗಿ. ಸೋಮವಾರ, ಗುರುವಾರ ಮಾರುಕಟ್ಟೆಯ ದಿನ ಊರಿಗೆ ಊರೇ ಕೆಂಪು, ಹೊಸಬರಿಗೆ ಸೀನು ತಪ್ಪಿದ್ದಲ್ಲ. ಇಲ್ಲಿನ ಡಬ್ಬಿ, ಕಡ್ಡಿ ಮೆಣಸಿನಕಾಯಿ ತಳಿಗಳಲ್ಲಿ ಖಾರ ಕಡಿಮೆ, ಬಣ್ಣ ಗಾಢ. ಈ ಕಾಯಿ ಸೇರುವ ಮಸಾಲೆ ಡಬ್ಬಿಗಳ ಮಾಲೀಕರೂ ಬದಲಾಗುತ್ತಲೇ ಇದ್ದಾರೆ. ಎಂಟಿಆರ್ ಫುಡ್ಸ್ 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾಯಿತು. ಲಾಲ್‌ಬಾಗ್ ರಸ್ತೆಯ ಹೋಟೆಲು ಕುಟುಂಬದಲ್ಲೇ ಉಳಿಯಿತು. ಮಾರಿದ ಸದಾನಂದ ಮಯ್ಯ ಅವರು ಮುಂದೆ ತಮ್ಮದೇ ಮನೆತನದ ಹೆಸರಿನಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿದರು. 2020ರಲ್ಲಿ ಸನ್‌ರೈಸ್ ಮಸಾಲೆಯನ್ನು ಐಟಿಸಿ, 2022ರಲ್ಲಿ ಬಾದ್‌ಶಾಹ್‌ನ ಶೇ 51ರಷ್ಟನ್ನು ಡಾಬರ್ ಕೊಂಡವು. ಹೆಸರಿಗೆ ನೂರಾರು ಕೋಟಿ. ಕಾಯಿಯ ಬೆಲೆ ಮಾತ್ರ ಬೀಳುತ್ತದೆ. 2024ರ ಮಾರ್ಚ್ 11ರಂದು ದರ ಕುಸಿದದ್ದಕ್ಕೆ ಸಿಟ್ಟಿಗೆದ್ದವರು ಬ್ಯಾಡಗಿ ಎಪಿಎಂಸಿ ಕಚೇರಿಗೇ ಬೆಂಕಿ ಹಚ್ಚಿದ್ದರು.

ಮಾರುವುದು ಅಪರಾಧವೆಂದು ನಾನು ಹೇಳುವುದಿಲ್ಲ. ಮೂವತ್ತು ವರ್ಷ ದುಡಿದವನು ಒಳ್ಳೆ ರೊಕ್ಕ ಬಂದರೆ ಕೊಟ್ಟು ಕೈ ತೊಳೆದುಕೊಳ್ಳುತ್ತಾನೆ, ಅದು ಅವನ ಹಕ್ಕು. ನನ್ನ ತಕರಾರು ಹಳೆಯ ಮುಖವನ್ನೇ ತೋರಿಸಿ ಮಾರುವ ಹೊಸಬನ ಮೇಲೆ.

ಈ ಮೂರೂ ಊರುಗಳ ನಡುವೆ ಯಾವ ಕಂಪನಿಯೂ ಎಷ್ಟೇ ದುಡ್ಡು ಸುರಿದರೂ ಕೊಳ್ಳಲಾಗದ ಹೆಸರು ಒಂದಿದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. 1999ರ ಜಿಐ ಕಾಯ್ದೆಯ 24ನೇ ಕಲಮಿನ ಪ್ರಕಾರ ಆ ಹಕ್ಕನ್ನು ಮಾರುವಂತಿಲ್ಲ, ಅಡ ಇಡುವಂತಿಲ್ಲ, ಲೈಸೆನ್ಸ್ ಕೊಡುವಂತೆಯೂ ಇಲ್ಲ. ಆದರೆ ಕಾನೂನು ಕಾಯುವುದು ಹೆಸರನ್ನು, ಹೊಲವನ್ನಲ್ಲ. ಇಳುವರಿ ಹೆಚ್ಚು ಕೊಡುವ 5531, 2043 ಎಂಬ ನಂಬರಿನ ಕಂಪನಿ ಬೀಜದ ಕಾಯಿ ಬಳ್ಳಾರಿ, ರಾಯಚೂರು, ಆಂಧ್ರದಿಂದ ಇದೇ ಮಾರುಕಟ್ಟೆಗೆ ಬಂದು ಬೀಳುತ್ತದೆ. ಡಬ್ಬಿ, ಕಡ್ಡಿ ಬಿತ್ತುವ ಹೊಲ ಕಡಿಮೆಯಾಗುತ್ತಿದೆ.

ಆ ಹೆಸರನ್ನು ಹಕ್ಕಿನಿಂದ ಬಳಸಲು ರೈತ ಅದೇ ಕಾಯ್ದೆಯ 17ನೇ ಕಲಮಿನಡಿ ಅಧಿಕೃತ ಬಳಕೆದಾರನಾಗಿ ನೋಂದಾಯಿಸಿಕೊಳ್ಳಬೇಕು. ಡಬ್ಬಿ, ಕಡ್ಡಿ ಇನ್ನೂ ಬಿತ್ತುತ್ತಿರುವವರು ಆ ಅರ್ಜಿ ಹಾಕಿರಿ.