ಪುಡಿಹಾಲಿನ ಹೋಲಿಕೆ ಯಾವುದರೊಂದಿಗೆ?

ತಾಯಿಯ ಹಾಲಿನಲ್ಲಿ ಮಗುವಿಗೇ ಜೀರ್ಣವಾಗದ ಒಂದು ಬಗೆಯ ಸಕ್ಕರೆಯೂ ಇದೆ. ಅದು ಮಗುವಿನ ಕರುಳಿನಲ್ಲಿ ನೆಲೆಸುವ ಉಪಕಾರಿ ಜೀವಾಣುಗಳಿಗೆ ಆಹಾರ. ಕರುಳನ್ನು ಸೋಂಕಿನಿಂದ ಕಾಯುವ ಪ್ರತಿಕಾಯಗಳನ್ನೂ ಆ ಹಾಲು ಒದಗಿಸುತ್ತದೆ. ಇಂತಹ ಸಕ್ಕರೆ ಅಥವಾ ಜೀವಾಣುಗಳನ್ನು ಬೆರೆಸಿದ ಶಿಶು ಹಾಲಿನ ಪುಡಿಯನ್ನು ಪರೀಕ್ಷಿಸುವಾಗ ಸಾಮಾನ್ಯವಾಗಿ ಒಂದು ಗುಂಪಿನ ಶಿಶುಗಳಿಗೆ ಅದನ್ನೂ ಇನ್ನೊಂದು ಗುಂಪಿಗೆ ಏನೂ ಬೆರೆಸದ ಪುಡಿಯನ್ನೂ ನೀಡಿ, ತೂಕ, ಮಲ, ಭೇದಿ ಹಾಗೂ ಸೋಂಕುಗಳನ್ನು ದಾಖಲಿಸಲಾಗುತ್ತದೆ. ಆದುದರಿಂದ "ಉತ್ತಮ" ಎಂಬ ಫಲಿತಾಂಶ ಬಂದರೂ ಅದು ಬೆರೆಸದ ಪುಡಿಗಿಂತ ಉತ್ತಮವೆಂದಷ್ಟೇ ಅರ್ಥ. ತಾಯಿಯ ಹಾಲಿಗೆ ಸಮವೆಂದಲ್ಲ.

ಒಡಿಶಾದ ಗ್ರಾಮಗಳಲ್ಲಿ 4,556 ನವಜಾತ ಶಿಶುಗಳೊಂದಿಗೆ ನಡೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಏಳು ದಿನ ಜೀವಾಣು ಹಾಗೂ ಅದರ ಆಹಾರವಾದ ಸಕ್ಕರೆಯನ್ನು ನೀಡಿದ ಗುಂಪಿನಲ್ಲಿ ನಂಜು ಅಥವಾ ಮರಣದ ಪ್ರಮಾಣ ಶೇ. 5.4, ನೀಡದ ಗುಂಪಿನಲ್ಲಿ ಶೇ. 9. ಗಣನೀಯ ಫಲಿತಾಂಶವೇ ಸರಿ. ಆದರೆ ಅವು ಎದೆಹಾಲು ಕುಡಿಯುತ್ತಿದ್ದ ಶಿಶುಗಳು. ಡಬ್ಬಿಯ ಪುಡಿಗೆ ಆ ಶ್ರೇಯಸ್ಸು ಸಲ್ಲದು.

1992ರ ಶಿಶು ಹಾಲಿನ ಬದಲಿಗಳ ಕಾಯ್ದೆಯಂತೆ ಇಂತಹ ಪುಡಿಯ ಜಾಹೀರಾತು ಹಾಗೂ ಉಚಿತ ಮಾದರಿಗಳ ವಿತರಣೆ ನಿಷಿದ್ಧ. ಶಿಬಿರ, ಸಂತೆ, ಅಂಗನವಾಡಿಗಳಲ್ಲಿ ಇವು ಕಂಡುಬಂದಲ್ಲಿ ಸದಸ್ಯರು ತಾಲ್ಲೂಕು ಆರೋಗ್ಯಾಧಿಕಾರಿಗಳ ಗಮನಕ್ಕೆ ತರುವುದು. ವೈದ್ಯರ ಸಲಹೆಯ ಮೇರೆಗೆ ಪುಡಿಹಾಲು ನೀಡುತ್ತಿರುವ ತಾಯಂದಿರನ್ನು ಯಾರೂ ಹೀಗಳೆಯಬಾರದು. ಅವರಿಗೆ ಬೇಕಿರುವುದು ಕುದಿಸಿದ ನೀರು, ಶುಚಿಯಾದ ಪಾತ್ರೆ ಹಾಗೂ ಸರಿಯಾದ ಅಳತೆಯ ತಿಳಿವಳಿಕೆ.