ಅಶ್ವಶಾಸ್ತ್ರದಲ್ಲಿ ವೇಗವೂ ಸಂಯಮವೂ

ಕುದುರೆಯ ಲಕ್ಷಣ, ಗತಿ, ಶಿಕ್ಷಣ, ಚಿಕಿತ್ಸೆ ಇವುಗಳನ್ನು ನಿರೂಪಿಸುವ ವಿದ್ಯೆಗೆ ಪ್ರಾಚೀನರು ಅಶ್ವಶಾಸ್ತ್ರವೆಂದೂ ಹಯಶಾಸ್ತ್ರವೆಂದೂ ಹೆಸರಿಟ್ಟಿರುವರು. ಶಾಲಿಹೋತ್ರನು ಇದರ ಆದ್ಯಾಚಾರ್ಯನೆಂದು ಪ್ರಸಿದ್ಧಿಯಿದೆ. ಓಟ, ನೆಗೆತ ಮೊದಲಾದ ಕ್ರೀಡೆಗಳಲ್ಲಿ ತೊಡಗಿದ ಕುದುರೆಯ ಶರೀರವ್ಯಾಪಾರವನ್ನು ಅಳೆದು ತಿಳಿಯುವ ಅಶ್ವಕ್ರೀಡಾವಿಜ್ಞಾನವು ಇದರದೇ ಒಂದು ಹೊಸ ಶಾಖೆ. ಪಾಶ್ಚಾತ್ಯ ದೇಶಗಳ ಕೆಲವು ವಿಶ್ವವಿದ್ಯಾನಿಲಯಗಳಲ್ಲಿ ಇದಕ್ಕೆ ಪ್ರತ್ಯೇಕ ಪದವಿಯೂ ಉಂಟು. ವೇಗವನ್ನು ಹೆಚ್ಚಿಸುವುದೇ ಈ ವಿದ್ಯೆಯ ಪ್ರಯೋಜನವೆಂದು ಸಾಮಾನ್ಯರ ಭಾವನೆ. ಈ ಭಾವನೆಯು ಎಷ್ಟರಮಟ್ಟಿಗೆ ಸರಿಯೆಂಬುದನ್ನು ವಿಚಾರಿಸಲು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯವರಿಗೆ ತಮ್ಮ ನೆರೆಯಲ್ಲಿಯೇ ಒಂದು ಆಧಾರವಿರುವುದು.

ಅದು ಷಡಕ್ಷರದೇವನ ರಾಜಶೇಖರವಿಲಾಸ. ಮಳವಳ್ಳಿ ಸೀಮೆಯ ಧನಗೂರಿಗೂ ಯಳಂದೂರಿಗೂ ಸಂಬಂಧಪಟ್ಟ ಈ ಕವಿಯು 17ನೆಯ ಶತಮಾನದಲ್ಲಿದ್ದವನು. ಯಳಂದೂರಿನಲ್ಲಿ ಇವನ ಗದ್ದುಗೆಯಿದೆ. ಈ ಚಂಪೂಕಾವ್ಯದಲ್ಲಿ ಸತ್ಯೇಂದ್ರಚೋಳನ ಮಗನಾದ ರಾಜಶೇಖರನೂ ಅವನ ಗೆಳೆಯನಾದ ಮಿತವಚನನೂ ಕುದುರೆಗಳನ್ನೇರಿ ನಗರದಲ್ಲಿ ಸಂಚರಿಸುವರು. ಮಿತವಚನನ ಕುದುರೆಯು ಅವನ ಹತೋಟಿಗೆ ಸಿಕ್ಕದೆ ನುಗ್ಗಲು, ಬೀದಿಯಲ್ಲಿದ್ದ ಶಂಕರನೆಂಬ ಮಗುವು ಅದರ ಗೊರಸಿಗೆ ಸಿಕ್ಕಿ ಮಡಿಯುತ್ತದೆ. ತಾಯಿಯಾದ ತಿರುಕೊಳವಿನಾಚಿಯ ಪ್ರಲಾಪವು ಕನ್ನಡ ಸಾಹಿತ್ಯದ ಕರುಣರಸಕ್ಕೆ ಮೇಲಾದ ನಿದರ್ಶನವೆಂದು ವಿಮರ್ಶಕರು ಎಣಿಸಿರುವರು. ಆದರೆ ಶಾಸ್ತ್ರದೃಷ್ಟಿಯಿಂದ ಗಮನಾರ್ಹವಾದುದು ಅನಂತರದ ನ್ಯಾಯವಿಚಾರ. ಏರಿದವನು ಮಿತವಚನನಾದರೂ, ಕುದುರೆಯನ್ನು ಅವನಿಗೆ ಕೊಟ್ಟವನು ರಾಜಶೇಖರನಾದ ಕಾರಣ ದೋಷವು ಇವನ ಮೇಲೆ ನಿಲ್ಲುತ್ತದೆ. ಅರಸನು ಮಗನೆಂದು ನೋಡದೆ ಮರಣದಂಡನೆಯನ್ನು ವಿಧಿಸುತ್ತಾನೆ. ಕಡೆಯಲ್ಲಿ ಶಿವಾನುಗ್ರಹದಿಂದ ಮಡಿದವರು ಬದುಕುವರು. ವೇಗವುಳ್ಳ ಪ್ರಾಣಿಯನ್ನು ಇನ್ನೊಬ್ಬನ ಕೈಗೆ ಕೊಡುವವನು ಅದರ ಫಲಕ್ಕೆ ಹೊಣೆಗಾರನೆಂಬುದೇ ಈ ಕಥೆಯಿಂದ ಹೊರಡುವ ತತ್ತ್ವ.

ಈ ತತ್ತ್ವವು ಕವಿಕಲ್ಪನೆಗೆ ಮಾತ್ರ ಸೇರಿದುದಲ್ಲ. ಕನ್ನಡನಾಡಿನಲ್ಲಿ ಅಶ್ವವಿಷಯಕ ಗ್ರಂಥಗಳ ಪರಂಪರೆಯೇ ಇದೆ. 1126ರಿಂದ 1138ರವರೆಗೆ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವೆಂಬ ಸಂಸ್ಕೃತಗ್ರಂಥದಲ್ಲಿ ವಾಜಿವಾಹ್ಯಾಲೀವಿನೋದವೆಂಬ ಪ್ರಕರಣವುಂಟು. ಕುದುರೆಯ ಮೇಲೆ ಕುಳಿತು ಎರಡು ಪಕ್ಷದವರು ಕೋಲಿನಿಂದ ಚೆಂಡನ್ನು ಹೊಡೆಯುವ ಆಟ, ಎಂದರೆ ಈಗ ಪೋಲೋ ಎಂದು ಹೆಸರಾದುದು, ಅಲ್ಲಿ ವರ್ಣಿತವಾಗಿದೆ. ಅಭಿನವಚಂದ್ರನು ಸುಮಾರು 1400ರಲ್ಲಿ ಕನ್ನಡದಲ್ಲಿಯೇ ಅಶ್ವಶಾಸ್ತ್ರವನ್ನು ರಚಿಸಿದನು. ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ ಪದ್ಮಣಪಂಡಿತನ ಹಯಸಾರಸಮುಚ್ಚಯವು ಹುಟ್ಟಿತು. ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂದು ಅಮರಸಿಂಹನು ಎಣಿಸಿದ ಪಂಚಧಾರೆಗಳನ್ನು ನೋಡಿದರೆ, ಕುದುರೆಯ ವೇಗವನ್ನು ಒಂದೇ ರಾಶಿಯಾಗಿ ಕಾಣದೆ, ಗತಿಭೇದಗಳಾಗಿ ವಿಂಗಡಿಸಿ ತಿಳಿಯುವ ಪದ್ಧತಿಯು ಎಷ್ಟು ಹಳೆಯದೆಂಬುದು ವಿದಿತವಾಗುವುದು.

ಇನ್ನು ಆಧುನಿಕ ವಿಜ್ಞಾನವು ಏನನ್ನು ಹೇಳುತ್ತದೆಂಬುದನ್ನು ನೋಡಬೇಕು. ವಿಶ್ರಾಂತಿಯಲ್ಲಿರುವ ಕುದುರೆಯ ಹೃದಯವು ನಿಮಿಷಕ್ಕೆ ಸುಮಾರು 28ರಿಂದ 44 ಸಲ ಬಡಿಯುತ್ತದೆ. ಪೂರ್ಣವೇಗದ ಓಟದಲ್ಲಿ ಈ ಸಂಖ್ಯೆಯು 220ನ್ನೂ ಮೀರಬಹುದು. ಆಗ ಪ್ಲೀಹವು ಸಂಕುಚಿತವಾಗಿ, ತನ್ನಲ್ಲಿ ಕೂಡಿಟ್ಟಿದ್ದ ಕೆಂಪುರಕ್ತಕಣಗಳನ್ನು ರಕ್ತಪ್ರವಾಹಕ್ಕೆ ಬಿಡುತ್ತದೆ. ಕುದುರೆಯು ಮೂಗಿನಿಂದ ಮಾತ್ರವೇ ಉಸಿರಾಡುವುದು. ನಾಗಾಲೋಟದಲ್ಲಿ ಒಂದು ನೆಗೆತಕ್ಕೆ ಒಂದು ಉಸಿರು ಎಂಬಂತೆ ಶ್ವಾಸವೂ ಹೆಜ್ಜೆಯೂ ಜೊತೆಗೂಡುತ್ತವೆ. ಇಷ್ಟೂ ಸಾಮರ್ಥ್ಯದ ಭಾರವನ್ನು ಹೊರುವ ಕಾಲಾದರೋ ಬಹಳ ಕೃಶವಾದುದು. ಮುಂಗಾಲಿನ ಮೊಣಕಾಲಿನಿಂದ ಕೆಳಗೆ ಮಾಂಸಖಂಡಗಳಿಲ್ಲವೆಂದೇ ಹೇಳಬಹುದು. ಎಲುಬೂ ಸ್ನಾಯುರಜ್ಜುಗಳೂ ಮಾತ್ರ. ಓಟದ ಒಂದು ಕ್ಷಣದಲ್ಲಿ ದೇಹಭಾರದ ಸುಮಾರು ಎರಡೂವರೆಯಷ್ಟು ಬಲವು ಒಂದೇ ಮುಂಗಾಲಿನ ಮೇಲೆ ಬೀಳುತ್ತದೆ.

ಇಲ್ಲಿಯೇ ವಿಷಯದ ಮರ್ಮವಿದೆ. ಅಭ್ಯಾಸದಿಂದ ಹೃದಯವೂ ಮಾಂಸಖಂಡಗಳೂ ಬೇಗನೆ ಬಲಗೊಳ್ಳುತ್ತವೆ. ಎಲುಬೂ ಸ್ನಾಯುರಜ್ಜುಗಳೂ ಹಾಗೆ ಬಲಗೊಳ್ಳಲು ಹೆಚ್ಚು ಕಾಲ ಬೇಕು. ಆದುದರಿಂದ ಕುದುರೆಯು ಓಡಬಲ್ಲೆನೆಂಬ ಉತ್ಸಾಹವನ್ನು ತೋರುವ ಕಾಲಕ್ಕೆ ಅದರ ಕಾಲು ಆ ಓಟವನ್ನು ತಾಳಲು ಇನ್ನೂ ಸಿದ್ಧವಾಗಿರದು. ಉತ್ಸಾಹವನ್ನೇ ಪ್ರಮಾಣವೆಂದು ನಂಬಿದವನು ಕುದುರೆಯನ್ನು ಕುಂಟುಮಾಡುವನು. ಕೆಲವೊಮ್ಮೆ ಸವಾರನ ಪ್ರಾಣಕ್ಕೂ ಎರವಾಗುವನು. ಎಷ್ಟು ಓಡಿಸಬಹುದೆಂಬುದಕ್ಕಿಂತ ಎಲ್ಲಿ ನಿಲ್ಲಿಸಬೇಕೆಂಬುದನ್ನು ತಿಳಿಸುವುದೇ ಈ ವಿಜ್ಞಾನದ ಮುಖ್ಯ ಉಪಕಾರವೆಂದು ಇದರಿಂದ ಸಿದ್ಧವಾಗುತ್ತದೆ. ನಿಲ್ಲಿಸುವ ಹೊಣೆಯು ಸವಾರನೊಬ್ಬನದೇ ಅಲ್ಲ. ಒಡೆಯನಿಗೂ ಶಿಕ್ಷಕನಿಗೂ ವೈದ್ಯನಿಗೂ ಸೇರಿದುದು. ಷಡಕ್ಷರದೇವನ ನ್ಯಾಯಸಭೆಯ ತೀರ್ಪೂ ಇದೇ ಅಲ್ಲವೆ?

ಕೊಳ್ಳೇಗಾಲ, ಹನೂರುಗಳ ಕಡೆಯ ವಿದ್ಯಾರ್ಥಿಗೆ ಈ ವಿದ್ಯೆಯ ಹಾದಿಯು ಪಶುವೈದ್ಯಕೀಯ ಪದವಿಯ ಮೂಲಕ ತೆರೆದಿದೆ. ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಲ್ಲಿ ಸ್ಥಾಪಿತವಾಗಿ, ಈಗ ಬೀದರಿನ ಪಶುವಿಶ್ವವಿದ್ಯಾನಿಲಯಕ್ಕೆ ಸೇರಿದೆ. ಇದರ ವ್ಯಾಸಂಗಕ್ಕೆ, ವೃತ್ತಿಶಿಕ್ಷಣದ ಅವಧಿಯೂ ಸೇರಿ, ಐದೂವರೆ ವರ್ಷಗಳು ಹಿಡಿಯುವುವು. ಗುಡ್ಡದ ತಪ್ಪಲಿನ ಹಳ್ಳಿಗಳಲ್ಲಿ ದನಗಳ ನಡುವೆ ಬೆಳೆದವರಿಗೆ, ಪ್ರಾಣಿಯ ನಡಿಗೆಯನ್ನು ಕಂಡೇ ನೋವನ್ನು ಗುರುತಿಸುವ ಅಭ್ಯಾಸವಿರುವುದು ಸಹಜ. ಅಳತೆಯ ಉಪಕರಣಗಳು ಆ ಕಣ್ಣಿಗೆ ನೆರವಾಗಬಲ್ಲುವಲ್ಲದೆ ಅದರ ಸ್ಥಾನವನ್ನು ಆಕ್ರಮಿಸಲಾರವು. ಇಂಥ ವಿದ್ಯಾರ್ಥಿಯು ಹೊಸ ವಿಜ್ಞಾನವನ್ನು ಕಲಿಯುವಾಗ ಯಳಂದೂರಿನ ಕವಿಯ ಕಾವ್ಯವನ್ನೂ ಹಳೆಯ ಹಯಗ್ರಂಥಗಳನ್ನೂ ಪರಿಶೀಲಿಸಿದರೆ, ಅಶ್ವವಿದ್ಯೆಯ ಎರಡು ಅಂಗಗಳಾದ ಬಲದ ಜ್ಞಾನವೂ ಹೊಣೆಯ ಜ್ಞಾನವೂ ಅವನಿಗೆ ಒಟ್ಟಿಗೆ ಲಭಿಸುವುವು.