ಗದ್ದೆಯ ನೀರಿನ ಜೊತೆ ಯೂರಿಯಾದ ಲೆಕ್ಕವೂ ಬೇಕು

ಭತ್ತದ ಗದ್ದೆಯೂ ಒಂದು ಜೌಗು ಪ್ರದೇಶವೇ. ಜೌಗು ಪ್ರದೇಶಗಳ ರಕ್ಷಣೆಗಿರುವ ರಾಮ್ಸಾರ್ ಒಪ್ಪಂದ ಅದನ್ನು ಮನುಷ್ಯ ನಿರ್ಮಿತ ಜೌಗುಗಳ ಜೊತೆ ಸೇರಿಸಿದೆ. ತಿಂಗಳುಗಟ್ಟಲೆ ನೀರು ನಿಂತ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಗಾಳಿಯಿಲ್ಲದ ಕೆಸರಿನ ಸೂಕ್ಷ್ಮಜೀವಿಗಳು ಮೀಥೇನ್ ಬಿಡುತ್ತವೆ, ಅದು ಭೂಮಿಯನ್ನು ಬಿಸಿ ಮಾಡುತ್ತದೆ. ಅದಕ್ಕೇ ನಡುನಡುವೆ ಗದ್ದೆ ಒಣಗಿಸಿ ಎಂಬ ಸಲಹೆ ಹಲವು ಕಡೆ ಕೇಳಿಬರುತ್ತಿದೆ. ಹಾಗೆ ಮಾಡಿದವರಿಗೆ ಕಾರ್ಬನ್ ಕ್ರೆಡಿಟ್ ಕೊಡಿಸುವ ಯೋಜನೆಗಳೂ ಬಂದಿವೆ. ನೀರೂ ಉಳಿಯುತ್ತದೆ, ಮೀಥೇನೂ ತಗ್ಗುತ್ತದೆ. ಸಲಹೆ ತಪ್ಪಲ್ಲ, ಅರೆಬರೆ. ಅದೇ ಗದ್ದೆಗೆ ಎರಚಿದ ಯೂರಿಯಾ ಏನಾಯಿತೆಂದು ವಿಚಾರಿಸದೆ ನೀರಿನ ಮಾತಷ್ಟೇ ಆಡಿದರೆ, ಒಂದು ಅನಿಲವನ್ನು ತಡೆಯಲು ಹೋಗಿ ಇನ್ನೊಂದಕ್ಕೆ ದಾರಿ ಮಾಡಿಕೊಟ್ಟಂತಾಗುತ್ತದೆ.

ಆ ಇನ್ನೊಂದು, ನೈಟ್ರಸ್ ಆಕ್ಸೈಡ್. ನೀರು ನಿಂತ ಗದ್ದೆಯ ಕೆಸರನ್ನು ಮೇಲಿಂದ ಕೆಳಕ್ಕೆ ಕೊಯ್ದು ನೋಡಿದರೆ ಮೇಲೆ ಕೆಲವೇ ಮಿಲಿಮೀಟರ್ ದಪ್ಪದ ಕಂದು ಪದರ, ಅದರಡಿ ಬೂದು ಬಣ್ಣದ ಮಣ್ಣು ಕಾಣುತ್ತದೆ. ಕಂದು ಪದರದಲ್ಲಿ ಆಮ್ಲಜನಕವಿದೆ, ಬೂದು ಮಣ್ಣಿನಲ್ಲಿ ಇಲ್ಲ. ಯೂರಿಯಾ ಕೆಲವೇ ದಿನಗಳಲ್ಲಿ ಅಮೋನಿಯಂ ಆಗುತ್ತದೆ. ಗಾಳಿ ಇದ್ದಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ. ಗಾಳಿ ಇಲ್ಲದಲ್ಲಿ ಬೇರೆ ಬ್ಯಾಕ್ಟೀರಿಯಾ ಉಸಿರಾಟಕ್ಕಾಗಿ ಅದೇ ನೈಟ್ರೇಟಿನ ಆಮ್ಲಜನಕವನ್ನು ಕಿತ್ತುಕೊಳ್ಳುತ್ತವೆ. ಕೊನೆಯ ಹೆಜ್ಜೆಯವರೆಗೆ ಕೆಲಸ ಸಾಗಿದರೆ ಉಳಿಯುವುದು ನಿರುಪದ್ರವಿ ಸಾರಜನಕ ಅನಿಲ. ಆ ಕೊನೆಯ ಹೆಜ್ಜೆಯನ್ನು ನಡೆಸುವ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಆಗದು, ಹುಳಿಮಣ್ಣೂ ಒಗ್ಗದು. ಆಗ ಕೆಲಸ ಅರ್ಧಕ್ಕೇ ನಿಂತು ನೈಟ್ರಸ್ ಆಕ್ಸೈಡ್ ಹೊರಬರುತ್ತದೆ. ನೀರು ಸದಾ ನಿಂತಿದ್ದರೆ ಇದು ಕಡಿಮೆ. ಗದ್ದೆ ಒಣಗಿ ಬಿರಿದು, ಒಳಗೆ ಗಾಳಿ ಹೊಕ್ಕು ನೈಟ್ರೇಟ್ ತುಂಬಿಕೊಂಡು, ಅದರ ಮೇಲೆ ಮತ್ತೆ ನೀರು ಹರಿದಾಗ ಏರುತ್ತದೆ. ಉಷ್ಣವಲಯದ ಬೆಚ್ಚಗಿನ ಮಣ್ಣಿನಲ್ಲಿ ಈ ಜೀವಿಗಳ ಕೆಲಸ ಇನ್ನೂ ಚುರುಕು.

ಹೊರಬರುವುದು ಎಷ್ಟು ಮಹಾ, ಹೆಕ್ಟೇರಿಗೆ ಕೆಲವು ಕಿಲೋ ತಾನೆ ಎನ್ನಬಹುದು. ಆದರೆ ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕಿಲೋ ನೈಟ್ರಸ್ ಆಕ್ಸೈಡ್ ಸುಮಾರು 273 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಮೀಥೇನ್ ಹನ್ನೆರಡು ವರ್ಷಗಳ ಆಸುಪಾಸಿನಲ್ಲಿ ಕರಗಿಹೋದರೆ ಇದು ನೂರಕ್ಕೂ ಹೆಚ್ಚು ವರ್ಷ ವಾತಾವರಣದಲ್ಲಿ ಉಳಿಯುತ್ತದೆ. ಓಝೋನ್ ಪದರಕ್ಕೂ ಇದು ಕಂಟಕ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ ಅಮೆರಿಕದಲ್ಲಿ ವಿಜ್ಞಾನಿಯಾದ ಎ.ಆರ್. ರವಿಶಂಕರ ಮತ್ತು ಸಂಗಡಿಗರು 2009ರಲ್ಲೇ, ಇಂದು ನಾವು ಹೊರಬಿಡುತ್ತಿರುವ ಅನಿಲಗಳ ಪೈಕಿ ಓಝೋನನ್ನು ಅತಿ ಹೆಚ್ಚು ಸವೆಸುವುದು ನೈಟ್ರಸ್ ಆಕ್ಸೈಡ್ ಎಂದು ತೋರಿಸಿದ್ದರು. ಹಾಗಿದ್ದೂ ಓಝೋನ್ ಉಳಿಸಲೆಂದೇ ಇರುವ ಮಾಂಟ್ರಿಯಲ್ ಒಪ್ಪಂದದ ನಿಯಂತ್ರಣಕ್ಕೆ ಇದು ಒಳಪಟ್ಟಿಲ್ಲ.

ದಕ್ಷಿಣ ಭಾರತದ ಗದ್ದೆಗಳಲ್ಲಿ ಅಳತೆ ಮಾಡಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ, ನೀರು ಬಿಟ್ಟುಬಿಟ್ಟು ಹಾಯಿಸಿದ ಕೆಲವು ಗದ್ದೆಗಳಿಂದ ಒಂದು ಬೆಳೆಗೆ ಹೆಕ್ಟೇರಿಗೆ 33 ಕಿಲೋವರೆಗೆ ನೈಟ್ರಸ್ ಆಕ್ಸೈಡ್ ಬಂದದ್ದನ್ನು ದಾಖಲಿಸಿತು. ಗುಣಿಸಿದರೆ ಒಂಬತ್ತು ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಬೆರಳೆಣಿಕೆಯ ಗದ್ದೆಗಳ ಅಳತೆಯನ್ನು ದೇಶಕ್ಕೆಲ್ಲ ಹಿಗ್ಗಿಸಬಾರದೆಂದು ಇತರ ಭತ್ತದ ವಿಜ್ಞಾನಿಗಳು ಆಕ್ಷೇಪಿಸಿದರು. ಆ ಆಕ್ಷೇಪ ಸರಿಯೇ. 33 ಎಂಬುದು ಮೇಲಿನ ಮಿತಿ, ಸರಾಸರಿಯಲ್ಲ. ಆದರೆ ಅದರಿಂದ ಅಳೆಯುವ ಅಗತ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಬರೀ ಮೀಥೇನ್ ಅಳೆದು ಕ್ರೆಡಿಟ್ ಹಂಚುವುದು ಖರ್ಚು ಬರೆಯದೆ ಲಾಭ ತೋರಿಸಿದ ಹಾಗೆ.

ಯೂರಿಯಾ ಕಡಿಮೆ ಮಾಡಿದರೆ ಇಳುವರಿ ಕುಸಿಯುವುದಿಲ್ಲವೇ? ಈ ಭಯ ಸುಳ್ಳಲ್ಲ, ಸಾರಜನಕವಿಲ್ಲದೆ ಭತ್ತ ತೆಂಡೆ ಒಡೆಯುವುದಿಲ್ಲ. ಆದರೆ 45 ಕಿಲೋ ಚೀಲದಲ್ಲಿರುವ ಸುಮಾರು 20 ಕಿಲೋ ಸಾರಜನಕದಲ್ಲಿ ಪೈರಿಗೆ ದಕ್ಕುವುದು ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಉಳಿದದ್ದರಲ್ಲಿ ಬಹುಪಾಲು ಆವಿಯಾಗಿ, ನೀರಿನೊಡನೆ ಇಳಿದು, ಅನಿಲವಾಗಿ ಕೈತಪ್ಪುತ್ತದೆ. ಉಳಿಸಬೇಕಾದದ್ದು ಇದನ್ನು. ಎಲೆ ಬಣ್ಣದ ಪಟ್ಟಿ ಹಿಡಿದು ನೋಡಿ, ಪೈರು ತಿಳಿಹಸಿರಾದಾಗ ಮಾತ್ರ ಮೇಲುಗೊಬ್ಬರ ಕೊಟ್ಟರೆ ಇಳುವರಿ ಬಿಟ್ಟುಕೊಡದೆಯೇ ಗೊಬ್ಬರ ಉಳಿಸಬಹುದು. ಗದ್ದೆಯನ್ನು ಬಿರಿಯಲು ಬಿಡದೆ, ನೀರಿನ ಮಟ್ಟ ಮಣ್ಣಿನಿಂದ ಕೆಲವು ಸೆಂಟಿಮೀಟರ್ ಮೇಲೆ ಕೆಳಗೆ ಆಡುವಂತೆ ನೋಡಿಕೊಂಡರೆ ಎರಡೂ ಅನಿಲಗಳನ್ನು ಹತೋಟಿಯಲ್ಲಿಡುವ ಸಾಧ್ಯತೆ ಇದೆ ಎಂದು ಅದೇ 2018ರ ಅಧ್ಯಯನ ಹೇಳುತ್ತದೆ.

ಬೋರ್‌ವೆಲ್ ಇದ್ದವರು ಇದನ್ನು ಮಾಡಿಯಾರು. ಮಂಡ್ಯದ ಕಾಲುವೆ ಬಯಲಿನಲ್ಲಾದರೆ, ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ಬಂದಾಗ ಬರುತ್ತದೆ, ನಿಂತಾಗ ಗದ್ದೆ ಬಿರಿಯುತ್ತದೆ. ಅಲ್ಲಿನ ರೈತರ ಕೈಯಲ್ಲಿ ತೂಬಿಲ್ಲ. ಸಬ್ಸಿಡಿಯಿಂದ ಯೂರಿಯಾ ಉಳಿದ ಗೊಬ್ಬರಗಳಿಗಿಂತ ಬಲು ಅಗ್ಗವಾಗಿರುವಾಗ ಒಂದು ಚೀಲ ಹೆಚ್ಚು ಎರಚುವುದು ಅವರಿಗೆ ತೀರ ಸಹಜ. ಹಾಗಾಗಿ ಈ ಹೊಣೆಯನ್ನು ಬೇಸಾಯಗಾರರ ಹೆಗಲಿಗೆ ಹೊರಿಸುವ ಮೊದಲು, ಕಾಲುವೆಗೆ ನೀರು ಬಿಡುವ ದಿನ ಗೊತ್ತುಮಾಡುವ ನೀರಾವರಿ ಇಲಾಖೆಯವರೂ ಮೇಲುಗೊಬ್ಬರದ ದಿನ ಹೇಳುವ ಕೃಷಿ ಇಲಾಖೆಯವರೂ ಒಂದೇ ವೇಳಾಪಟ್ಟಿಯನ್ನು ಕೂಡಿ ಬರೆಯಬೇಕು, ಅದನ್ನು ನಾಟಿಗೆ ಮುಂಚೆಯೇ ರೈತರ ಕೈಗೆ ಕೊಡಬೇಕು.